ಹುಣಸೆ ಮರದ ದೆವ್ವ ಮತ್ತು ನನ್ನದೊಂದು ತಪ್ಪು ಪಾಠ



ರಾತ್ರಿ ಹುಣಸೆ ಮರದ ಕೆಳಗೆ ಮಲಗಬಾರದು, ಅಲ್ಲಿ ದೆವ್ವವಿರುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ದೇವದುರ್ಗದಲ್ಲಿ ವಿಜ್ಞಾನ ಬೋಧಿಸುತ್ತಿದ್ದಾಗ, "ಅದು ದೆವ್ವವಲ್ಲ, ಮರ ರಾತ್ರಿ ಬಿಡುವ ಇಂಗಾಲದ ಡೈಆಕ್ಸೈಡ್" ಎಂದು ನಾನು ಹೆಮ್ಮೆಯಿಂದ ವಿವರಿಸುತ್ತಿದ್ದೆ. ಮನೆಯೊಳಗಿನ ಕುಂಡಗಳನ್ನೂ ರಾತ್ರಿ ಹೊರಗಿಡಿರೆಂದು ಹೇಳುತ್ತಿದ್ದೆ.

ಈಚೆಗೆ, ಮಾನ್ವಿಯಲ್ಲಿ ನನ್ನ ಬಳಿ ಓದಿದ್ದ ಶಿಷ್ಯೆಯೊಬ್ಬಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಸರ್, ನೀವು ಹೇಳಿದ್ದಕ್ಕ ಇವತ್ತಿಗೂ ರಾತ್ರಿ ಗಿಡ ಹೊರಗ ಇಡ್ತೀನ್ರಿ. ಈಗ ಮಗ ನೇರಳೆ ದೀಪ ತಂದಾನ, ಗ್ಯಾಸೂ ಬಿಡಬೇಕಂತಾನ. ಏನು ಮಾಡ್ಲಿ?" ಎಂದು ಕೇಳಿದಳು. ಉತ್ತರ ಹುಡುಕಲು ಕುಳಿತಾಗ ನನ್ನ ತಪ್ಪಿನ ಮೂಲವೇ ಸಿಕ್ಕಿತು.

1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಮುಚ್ಚಿದ ಪಾತ್ರೆಯಲ್ಲಿ ಮೇಣದ ಬತ್ತಿಯನ್ನು ಆರಲು ಬಿಟ್ಟು, ಅದೇ ಗಾಳಿಯಲ್ಲಿ ಪುದೀನ ಗಿಡವನ್ನು ಇರಿಸಿದ. ಕೆಲವು ದಿನಗಳ ಬಳಿಕ ಆ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯಿತು. 1779ರ ಬೇಸಿಗೆಯಲ್ಲಿ ಡಚ್ ವೈದ್ಯ ಯಾನ್ ಇಂಗನ್‌ಹೌಸ್ ಲಂಡನ್ ಸಮೀಪ ನೂರಾರು ಪ್ರಯೋಗಗಳನ್ನು ನಡೆಸಿ, ಈ ಶುದ್ಧಿಗೆ ಹಸಿರು ಭಾಗವೂ ಬೆಳಕೂ ಬೇಕೆಂದು ತೋರಿಸಿದ. ಗಿಡಗಳು ಬಿಸಿಲಿನಲ್ಲಿ ಗಾಳಿಯನ್ನು ಶುದ್ಧಗೊಳಿಸುತ್ತವೆ, ನೆರಳಿನಲ್ಲೂ ರಾತ್ರಿಯಲ್ಲೂ ಕೆಡಿಸುತ್ತವೆ ಎಂಬುದು ಅವನ ಗ್ರಂಥದ ಶೀರ್ಷಿಕೆಯಲ್ಲೇ ಇತ್ತು. ರಾತ್ರಿಯ ಕೇಡು ಹಗಲಿನ ಉಪಕಾರದ ಮುಂದೆ ಅತ್ಯಲ್ಪವೆಂದೂ ಅವನೇ ಬರೆದಿದ್ದ. ಶೀರ್ಷಿಕೆಯ ಮಾತು ನಮ್ಮ ತರಗತಿಗಳವರೆಗೂ ಬಂದಿತು. ಈ ಎರಡನೆಯ ಮಾತು ದಾರಿಯಲ್ಲೇ ಉಳಿಯಿತು.

ಗಿಡ ರಾತ್ರಿ ಉಸಿರಾಡುವುದು ನಿಜ. ಆದರೆ ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ. ಕುಂಡದ ಗಿಡದ್ದು ಅದರ ತೀರ ಸಣ್ಣ ಪಾಲು. ಪಕ್ಕದಲ್ಲಿ ಮಲಗಿದವರಿಗೆ ಹೆದರದ ನಾವು ಗಿಡಕ್ಕೇಕೆ ಹೆದರಬೇಕು? ಇನ್ನು ಬಯಲಿನ ಹುಣಸೆ ಮರದಡಿಯ ಅನಿಲವನ್ನು ಗಾಳಿಯೇ ಚದುರಿಸುತ್ತದೆ.

ಹಾಗಾದರೆ ಗಿಡಕ್ಕೆ ಆ ಅನಿಲವನ್ನು ಹೆಚ್ಚಾಗಿ ಕೊಡಬೇಕೆ? ಅದು ಗಿಡದ ಆಹಾರವೆಂದು 1782ರಲ್ಲಿ ಜಿನೀವಾದ ಸೆನೆಬಿಯೆ ತೋರಿಸಿದ್ದ. 1905ರಲ್ಲಿ ಎಫ್. ಎಫ್. ಬ್ಲ್ಯಾಕ್‌ಮನ್ ಒಂದು ನಿಯಮವನ್ನು ಮುಂದಿಟ್ಟ: ಅಗತ್ಯಗಳಲ್ಲಿ ಯಾವುದು ಅತಿ ಕಡಿಮೆ ಇದೆಯೋ ಅದೇ ದ್ಯುತಿಸಂಶ್ಲೇಷಣೆಯ ವೇಗವನ್ನು ನಿರ್ಧರಿಸುತ್ತದೆ. ಹೊರಗಿನ ಗಾಳಿಯಲ್ಲಿ ಈಗ ಹತ್ತು ಲಕ್ಷಕ್ಕೆ 420ಕ್ಕೂ ಹೆಚ್ಚು ಭಾಗ ಇಂಗಾಲದ ಡೈಆಕ್ಸೈಡ್ ಇದೆ. ಚಳಿ ದೇಶಗಳ ಗಾಜಿನ ಮನೆಗಳಲ್ಲಿ ಪ್ರಖರ ಬೆಳಕಿನೊಂದಿಗೆ ಅದನ್ನು ಸುಮಾರು 1000ಕ್ಕೆ ಏರಿಸುತ್ತಾರೆ. ಕಿಟಕಿ ಮುಚ್ಚಿ ಇಬ್ಬರು ಮಲಗಿದ ಕೋಣೆಯಲ್ಲಿ ನಮ್ಮ ಉಸಿರಿನಿಂದಲೇ ಅದು ಅಷ್ಟಾಗಬಲ್ಲದು! ಮನೆಯೊಳಗೆ ಸಿಲಿಂಡರಿನಿಂದ ಅನಿಲ ಬಿಡುವುದು ಗಿಡಕ್ಕೆ ವ್ಯರ್ಥ, ಮನುಷ್ಯರಿಗೆ ಅಪಾಯ.

ಕೊರತೆ ಇರುವುದು ಬೆಳಕಿನದು. ರಾಯಚೂರಿನ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್; ನಡುಮನೆಯಲ್ಲಿ ಕೆಲವು ನೂರು ಇದ್ದರೆ ಹೆಚ್ಚು. 1882ರಲ್ಲಿ ಜರ್ಮನಿಯ ಎಂಗೆಲ್‌ಮನ್, ಕೆಂಪು ಮತ್ತು ನೀಲಿ ಬೆಳಕಿನಲ್ಲಿ ಸಸ್ಯ ಹೆಚ್ಚು ಆಮ್ಲಜನಕ ಬಿಡುವುದನ್ನು ಕಂಡುಕೊಂಡ. ನೇರಳೆ ದೀಪದ ಮೂಲ ಅದೇ. ಬಿಳಿ ಎಲ್‌ಇಡಿಯಲ್ಲೂ ಆ ಎರಡು ಬಣ್ಣಗಳಿವೆ, ಕಣ್ಣಿಗೂ ಹಿತ. ಗಿಡದಿಂದ ಒಂದು ಅಡಿ ದೂರದಲ್ಲಿ, ದಿನಕ್ಕೆ ಹನ್ನೆರಡು ತಾಸು ಉರಿಸಿದರೆ ಸಾಮಾನ್ಯ ಎಲೆಗಿಡಗಳಿಗೆ ಸಾಕು. ಇಡೀ ರಾತ್ರಿ ಬೇಡ. ಅನೇಕ ಗಿಡಗಳು ಹಗಲಿನ ಉದ್ದವನ್ನು ನೋಡಿ ಹೂ ಬಿಡುತ್ತವೆಂದು ಗಾರ್ನರ್ ಮತ್ತು ಅಲಾರ್ಡ್ 1920ರಲ್ಲೇ ಪ್ರಕಟಿಸಿದರು. ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ ಬೆಳೆಗಾರರು ರಾತ್ರಿ ಹೊಲದಲ್ಲಿ ದೀಪ ಹಾಕುವುದು, ಗಿಡ ಬೆಳೆಯುವ ಮುನ್ನ ಹೂ ಬಿಡದಂತೆ ತಡೆಯಲಿಕ್ಕೆ.

ಒಂದು ಮೂಢನಂಬಿಕೆಯನ್ನು ಓಡಿಸುವ ಉತ್ಸಾಹದಲ್ಲಿ ನಾನು ಅದೇ ಮರದಡಿ ಇನ್ನೊಂದನ್ನು ಕೂರಿಸಿದೆ. ಅದಕ್ಕೆ ವಿಜ್ಞಾನದ ಹೆಸರಿದ್ದುದರಿಂದ ನೀವು ಪ್ರಶ್ನಿಸಲಿಲ್ಲ. ನಾನೂ ಅಳೆದು ನೋಡಲಿಲ್ಲ. ಅಂದು ಬರೆದುಕೊಂಡ ಟಿಪ್ಪಣಿಯನ್ನು ದಯವಿಟ್ಟು ತಿದ್ದಿಕೊಳ್ಳಿ. ನಿಮ್ಮ ಮಕ್ಕಳಿಗೂ ಹೇಳಿ. ಕುಂಡಗಳು ರಾತ್ರಿ ಒಳಗೇ ಇರಲಿ, ಕಿಟಕಿ ತೆರೆದಿರಲಿ.