ಪಟ್ಟಿಯ 19ನೆಯ ಸಾಲು

2021ರ ಮಾರ್ಚ್ 1ರಂದು ಕೊರೊನಾ ಲಸಿಕೆಯ ಬಾಗಿಲು 60 ದಾಟಿದವರಿಗೂ, 45 ದಾಟಿ ಬೇರೆ ಕಾಯಿಲೆ ಇದ್ದವರಿಗೂ ತೆರೆಯಿತು. ಯಾವ ಕಾಯಿಲೆ ಎಂಬುದಕ್ಕೆ ಕೇಂದ್ರ ಸರ್ಕಾರ 20 ಸಾಲಿನ ಪಟ್ಟಿ ಕೊಟ್ಟಿತ್ತು. ಹೃದಯ, ಕಿಡ್ನಿ, ಕ್ಯಾನ್ಸರ್ ಎಲ್ಲ ಮುಗಿದ ಮೇಲೆ 19ನೆಯ ಸಾಲಿನಲ್ಲಿ ಎಚ್‌ಐವಿ. ವೈದ್ಯರು ಸಹಿ ಮಾಡಿದ ಸರ್ಟಿಫಿಕೇಟನ್ನು ಲಸಿಕೆ ಹಾಕುವಲ್ಲಿ ತೋರಿಸಬೇಕಿತ್ತು.

ನಾನಾಗ ಉತ್ತರ ಕರ್ನಾಟಕದಲ್ಲಿ, ಎಚ್‌ಐವಿಗೆ ಗುಳಿಗೆ ಕೊಡುವ ಎಆರ್‌ಟಿ ಕೇಂದ್ರವೊಂದರಲ್ಲಿ ಆಪ್ತಸಮಾಲೋಚಕಿ. ಗುಳಿಗೆ ಡಬ್ಬಿಯ ಮೇಲಿನ ಚೀಟಿಯನ್ನು ಆಸ್ಪತ್ರೆಯ ನಲ್ಲಿಯ ಹತ್ತಿರವೇ ನೆನೆಸಿ, ಉಗುರಿನಿಂದ ಕೆರೆದು ತೆಗೆದು, ಚಿಕಿತ್ಸೆಯ ಹಸಿರು ಪುಸ್ತಕವನ್ನು ಚೀಲದ ತಳಕ್ಕೆ ತುರುಕಿ ಬಸ್ ಹತ್ತುವವರು ನಮ್ಮವರು. ಗುರುತಿನವರು ಸಿಕ್ಕಾರೆಂದು ಹತ್ತಿರದ ಕೇಂದ್ರ ಬಿಟ್ಟು ದೂರದ ತಾಲ್ಲೂಕಿನಿಂದ ಬರುತ್ತಿದ್ದವರೂ ಇದ್ದರು. ಅಂಥವರ ಕೈಗೆ ಈ ಕಾಗದ! “ಅಕ್ಕಾರ, ಅಲ್ಲಿ ಹೆಸರು ಬರಕೊಳ್ಳಾಕಿ ನಮ್ಮ ನೆಗೆಣ್ಣಿ. ಇದನ್ನ ಆಕಿ ಕೈಯಾಗ ಹೆಂಗ ಕೊಡ್ಲಿ?” ಎಂದಳು ಒಬ್ಬಾಕೆ. ಸೋಂಕಿನ ಸಂಗತಿ ಹೇಳೆಂದು ಯಾರನ್ನೂ ಬಲವಂತ ಮಾಡಬಾರದೆನ್ನುವ 2017ರ ಎಚ್‌ಐವಿ ಕಾಯ್ದೆಯನ್ನು ನಾವೇ ಎಲ್ಲರಿಗೂ ಓದಿ ಹೇಳುತ್ತಿದ್ದೆವು. ಆಕೆ ಕಾಗದವನ್ನು ಮೇಜಿನ ಮೇಲೇ ಬಿಟ್ಟು ಹೋದಳು. ಏಪ್ರಿಲ್ 1ರಿಂದ 45 ದಾಟಿದವರಿಗೆಲ್ಲ ಲಸಿಕೆ ಎಂದಾಗ ಆ ವಯಸ್ಸಿನವರಿಗೆ ಸರ್ಟಿಫಿಕೇಟಿನ ಗೊಡವೆ ತಪ್ಪಿತು. ಅಷ್ಟರಲ್ಲಿ ಎರಡನೇ ಅಲೆ ಬಾಗಿಲಿಗೆ ಬಂದಿತ್ತು.

ಇನ್ನೊಂದು ಪ್ರಶ್ನೆ: “ನಮ್ಮ ಮೈಗೆ ಇದು ಹತ್ತತೈತೇನ್ರಿ?”

ಬ್ರಿಟನ್ನಿನಲ್ಲಿ ಎಚ್‌ಐವಿ ಇದ್ದ 54 ಜನರಿಗೆ ಆಕ್ಸ್‌ಫರ್ಡ್ ಲಸಿಕೆ, ಅಂದರೆ ನಮ್ಮ ಕೋವಿಶೀಲ್ಡ್, ಕೊಟ್ಟು ನೋಡಿದ್ದರು. ಸೋಂಕಿಲ್ಲದವರಲ್ಲಿ ಎಷ್ಟೋ ಇವರಲ್ಲೂ ಅಷ್ಟೇ ಪ್ರತಿಕಾಯ ಹುಟ್ಟಿತ್ತು. ಓದಿ ಸಮಾಧಾನವಾಯಿತು, ಪೂರ್ತಿ ಅಲ್ಲ. ಆ 54 ಮಂದಿಯೂ ಗಂಡಸರು. ಎಲ್ಲರೂ ಗುಳಿಗೆ ತಪ್ಪಿಸದವರು, ರೋಗನಿರೋಧಕ ಕಣಗಳ ಎಣಿಕೆ, ಅಂದರೆ ಸಿಡಿ4, 350ಕ್ಕಿಂತ ಮೇಲಿದ್ದವರು. ನಮ್ಮ ಸಾಲಿನಲ್ಲಿ ಮಗು ಕಟ್ಟಿಕೊಂಡು ನಿಲ್ಲುವ ಹೆಂಗಸರು ಆ ಲೆಕ್ಕದಲ್ಲಿರಲಿಲ್ಲ. ದಕ್ಷಿಣ ಆಫ್ರಿಕಾದ ನೋವಾವ್ಯಾಕ್ಸ್ ಪರೀಕ್ಷೆಯಲ್ಲಿ ಎಚ್‌ಐವಿ ಇಲ್ಲದವರಿಗೆ ಸಿಕ್ಕ ರಕ್ಷಣೆ ಶೇ 60.1, ಇದ್ದವರನ್ನೂ ಸೇರಿಸಿದರೆ ಶೇ 49.4. ಎಚ್‌ಐವಿ ಇದ್ದವರು ನೂರಕ್ಕೆ ಆರರಷ್ಟೇ ಇದ್ದುದರಿಂದ ಅವರ ಬಗ್ಗೆ ಗಟ್ಟಿಯಾಗಿ ಏನೂ ಹೇಳುವಂತಿರಲಿಲ್ಲ. ಅದೇ ದೇಶದಲ್ಲಿ ಎಚ್‌ಐವಿ ಹತೋಟಿಗೆ ಬಾರದ ಒಬ್ಬ ಮಹಿಳೆಯ ಮೈಯಲ್ಲಿ ಕೊರೊನಾ 216 ದಿನ ಉಳಿದು ರೂಪ ಬದಲಿಸುತ್ತ ಹೋಗಿತ್ತು.

ಮುಂದಿನ ಅಧ್ಯಯನಗಳಲ್ಲಿ ಚಿತ್ರ ತಿಳಿಯಾಯಿತು. ಗುಳಿಗೆ ನಡೆಯುತ್ತಿದ್ದು ವೈರಸ್ ಅಡಗಿದ್ದರೆ ಲಸಿಕೆ ಹೆಚ್ಚುಕಡಿಮೆ ಎಲ್ಲರಿಗೆ ಹತ್ತಿದಂತೆಯೇ ಹತ್ತುತ್ತದೆ. ಸಿಡಿ4 200ಕ್ಕಿಂತ ಇಳಿದಿದ್ದರೆ ಎರಡು ಡೋಸಿಗೆ ಪ್ರತಿಕಾಯ ಸೊರಗುತ್ತದೆ, ಮೂರನೆಯದಕ್ಕೆ ಸುಧಾರಿಸುತ್ತದೆ. ಅಂಥವರಿಗೆ ಹೆಚ್ಚುವರಿ ಡೋಸ್ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2021ರ ಅಕ್ಟೋಬರ್‌ನಲ್ಲಿ ಹೇಳಿದರು.

200 ನಮಗೆ ಹಳೆಯ ಪರಿಚಯ. 2004ರಲ್ಲಿ ಸರ್ಕಾರದ ಉಚಿತ ಎಆರ್‌ಟಿ ಶುರುವಾದಾಗ ಹೆಚ್ಚಿನವರಿಗೆ ಗುಳಿಗೆ ಸಿಗುತ್ತಿದ್ದುದು ಸಿಡಿ4 ಅದಕ್ಕಿಂತ ಕೆಳಗೆ ಬಿದ್ದ ಮೇಲೆಯೇ. 2017ರಿಂದ ಎಣಿಕೆ ಎಷ್ಟೇ ಇರಲಿ, ಸೋಂಕು ಗೊತ್ತಾದ ಕೂಡಲೇ ಕೊಡುತ್ತಾರೆ. ಕೊರೊನಾ ಆ ಹಳೆಯ ನಿಯಮದ ಕಾಲದಲ್ಲಿ ಬಂದಿದ್ದರೆ ಲಸಿಕೆ ಹತ್ತದವರ ಸಾಲು ಬಹಳ ಉದ್ದವಿರುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮುಂದೆ ಇಂಥ ಪಟ್ಟಿ ಮಾಡುವವರಲ್ಲಿ ನನ್ನದೊಂದೇ ವಿನಂತಿ: ನಮ್ಮವರ ಕೈಗೆ ಕಾಗದ ಕೊಟ್ಟು ಊರಿಗೆ ಕಳಿಸಬೇಡಿ, ಲಸಿಕೆಯನ್ನೇ ಎಆರ್‌ಟಿ ಕೇಂದ್ರಕ್ಕೆ ಕಳಿಸಿ.