ಲಿನಕ್ಸ್‌ಗೆ ಹೊಂದುವ, ಕೈಗೆಟುಕುವ ಸ್ಕ್ಯಾನರ್ ಆರಿಸುವುದು ಹೇಗೆ?

ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿಕೊಂಡವರು ಸ್ಕ್ಯಾನರ್ ಕೊಳ್ಳಲು ಹೋದಾಗ ಗೊಂದಲಕ್ಕೆ ಬೀಳುತ್ತಾರೆ. ಪೆಟ್ಟಿಗೆಯ ಮೇಲೆ ಸಾಮಾನ್ಯವಾಗಿ ವಿಂಡೋಸ್ ಮತ್ತು ಮ್ಯಾಕ್ ಹೆಸರಷ್ಟೇ ಇರುತ್ತದೆ. ‘ಲಿನಕ್ಸ್‌ನಲ್ಲಿ ಸ್ಕ್ಯಾನರ್ ನಡೆಯುವುದಿಲ್ಲ’ ಎಂಬ ಮಾತೂ ಕೇಳಿಬರುತ್ತದೆ. ಇದು ನಿಜವೇ? ಅಲ್ಲ. ನೂರಾರು ಮಾದರಿಗಳು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಎಲ್ಲವೂ ಅಲ್ಲ. ಆದ್ದರಿಂದ ದುಡ್ಡು ಕೊಡುವ ಮುನ್ನ ಮಾದರಿಯ ಸಂಖ್ಯೆ ನೋಡುವುದೇ ಮುಖ್ಯ.

ತೊಂದರೆ ಎಲ್ಲಿದೆ?

ಕೀಬೋರ್ಡ್, ಪೆನ್‌ಡ್ರೈವ್‌ಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಸಾಮಾನ್ಯ ಭಾಷೆಯಿದೆ. ಹಾಗಾಗಿ ಅವು ಯಾವ ಕಂಪ್ಯೂಟರ್‌ಗೆ ಚುಚ್ಚಿದರೂ ನಡೆಯುತ್ತವೆ. ಸ್ಕ್ಯಾನರ್‌ಗಳಿಗೆ ಬಹುಕಾಲ ಅಂಥದ್ದೊಂದು ಇರಲಿಲ್ಲ. ಒಳಗಿನ ಚಿಪ್ ಬದಲಾದರೆ ಆದೇಶಗಳೂ ಬದಲಾಗುತ್ತವೆ. ಪ್ರತಿಯೊಂದಕ್ಕೂ ಬೇರೆ ಡ್ರೈವರ್ ಬೇಕಾಗುತ್ತದೆ.

ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ‘ಸೇನ್’ ಎಂಬ ಮುಕ್ತ ತಂತ್ರಾಂಶ. ಅದರಲ್ಲಿ ಒಂದೊಂದು ಚಿಪ್ ಗುಂಪಿಗೆ ಒಂದೊಂದು ಡ್ರೈವರ್ ಇದೆ. ಕ್ಯಾನನ್‌ನ ಲೈಡ್ ಸರಣಿಯನ್ನೇ ನೋಡಿ. ಲೈಡ್ 25 ಕ್ಕೆ ‘ಪ್ಲಸ್‌ಟೆಕ್’, ಲೈಡ್ 220 ಕ್ಕೆ ‘ಜೆನೆಸಿಸ್’, ಲೈಡ್ 300 ಮತ್ತು 400 ಕ್ಕೆ ‘ಪಿಕ್ಸ್ಮಾ’ ಡ್ರೈವರ್ ಬೇಕು. ಹೆಸರು ಒಂದೇ, ಒಳಗಿನ ಯಂತ್ರ ಬೇರೆ. ‘ಇದೇ ಸರಣಿಯದ್ದು, ನಡೆಯುತ್ತದೆ’ ಎಂಬ ಭರವಸೆ ಸಾಲದು.

ಕೊಳ್ಳುವ ಮುನ್ನ ನೋಡಬೇಕಾದದ್ದು

1. ಸೇನ್ ಯೋಜನೆಯ ಜಾಲತಾಣದಲ್ಲಿ ಮಾದರಿಗಳ ಪಟ್ಟಿಯಿದೆ. ನಿಮ್ಮ ಮಾದರಿಯ ಮುಂದೆ ‘ಕಂಪ್ಲೀಟ್’ ಅಥವಾ ‘ಗುಡ್’ ಎಂದಿದ್ದರೆ ಧೈರ್ಯವಾಗಿ ಕೊಳ್ಳಬಹುದು. ‘ಮಿನಿಮಲ್’, ‘ಅನ್‌ಟೆಸ್ಟೆಡ್’ ಎಂದಿದ್ದರೆ ಬೇರೆಯದನ್ನು ನೋಡಿ.

2. ಪ್ರಿಂಟರ್ ಸೇರಿರುವ ಯಂತ್ರವಾದರೆ ‘ಏರ್‌ಪ್ರಿಂಟ್’ ಅಥವಾ ‘ಮೊಪ್ರಿಯಾ’ ಗುರುತು ಇದೆಯೇ ನೋಡಿ. ಇಂಥ ಹೆಚ್ಚಿನ ಯಂತ್ರಗಳಿಗೆ ‘ಇಎಸ್‌ಸಿಎಲ್’ ಎಂಬ ಸಾಮಾನ್ಯ ಭಾಷೆ ಗೊತ್ತಿರುತ್ತದೆ. ಪ್ರತ್ಯೇಕ ಡ್ರೈವರ್ ಬೇಕಿಲ್ಲ. ಡೆಬಿಯನ್‌ನಲ್ಲಿ ಈ ಸೌಲಭ್ಯ 2021 ರ 11 ನೇ ಆವೃತ್ತಿಯಿಂದ ಇದೆ.

3. ಎಚ್‌ಪಿ ಯಂತ್ರಗಳಿಗೆ ‘ಎಚ್‌ಪಿಲಿಪ್’ ತಂತ್ರಾಂಶವಿದೆ. ಕೆಲವು ಮಾದರಿಗಳಿಗೆ ಜೊತೆಗೊಂದು ಮುಚ್ಚಿದ ಪ್ಲಗಿನ್ ಬೇಕಾಗುತ್ತದೆ. ಬ್ರದರ್ ಕಂಪನಿ ಲಿನಕ್ಸ್‌ಗೆ ತನ್ನದೇ ಡ್ರೈವರ್ ಕೊಡುತ್ತದೆ. ಆದರೆ ಅದು ಇಂಟೆಲ್, ಎಎಂಡಿ ಕಂಪ್ಯೂಟರ್‌ಗಳಿಗಾಗಿ ಮಾಡಿದ್ದು. ರಾಸ್‌ಬೆರಿ ಪೈ ಬಳಸುವವರು ಇದನ್ನು ಮೊದಲೇ ಗಮನಿಸಬೇಕು.

4. ಉಬುಂಟು ಇರುವ ಲೈವ್ ಪೆನ್‌ಡ್ರೈವ್ ಒಂದನ್ನು ಮಾಡಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಸ್ಕ್ಯಾನರ್ ನೋಡಲು ಹೋದಾಗ ಲ್ಯಾಪ್‌ಟಾಪನ್ನು ಅದರಿಂದಲೇ ಚಾಲೂ ಮಾಡಿ, ಸ್ಕ್ಯಾನಿಂಗ್ ಆ್ಯಪ್ ತೆರೆದು ಒಂದು ಹಾಳೆ ಸ್ಕ್ಯಾನ್ ಮಾಡಿ. ಐದು ನಿಮಿಷದ ಈ ಪರೀಕ್ಷೆಗಿಂತ ದೊಡ್ಡ ಖಾತರಿ ಇಲ್ಲ.

ಹಳೆಯ ಸ್ಕ್ಯಾನರ್ ಎಸೆಯಬೇಡಿ

ಕಂಪನಿಗಳು ಹಳೆಯ ಮಾದರಿಗಳಿಗೆ ಹೊಸ ವಿಂಡೋಸ್ ಡ್ರೈವರ್ ಬರೆಯುವುದನ್ನು ಒಂದು ಹಂತದಲ್ಲಿ ನಿಲ್ಲಿಸುತ್ತವೆ. ಸೇನ್‌ನಲ್ಲಿ ಒಮ್ಮೆ ಸೇರಿದ ಡ್ರೈವರ್ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಹೀಗಾಗಿ ವಿಂಡೋಸ್ ಬಳಕೆದಾರರು ಕೈಬಿಟ್ಟ ಯಂತ್ರ ನಿಮಗೆ ಅಗ್ಗವಾಗಿ ಸಿಗಬಹುದು.

ದೊಡ್ಡ ಸಂಖ್ಯೆಗೆ ಮರುಳಾಗಬೇಡಿ

ಪೆಟ್ಟಿಗೆಯ ಮೇಲಿನ 4800 ಡಿಪಿಐ ಕಾಗದಪತ್ರಗಳಿಗೆ ಬೇಡ. ಮುದ್ರಿತ ಪುಟಕ್ಕೆ 300 ಡಿಪಿಐ ಸಾಕು. ಈ ಮಟ್ಟದಲ್ಲಿ ಒಂದು ಎ4 ಬಣ್ಣದ ಪುಟ ಕುಗ್ಗಿಸುವ ಮುನ್ನ ಸುಮಾರು 26 ಎಂಬಿ ಆಗುತ್ತದೆ. 600 ಕ್ಕೆ ಏರಿಸಿದರೆ ನಾಲ್ಕು ಪಟ್ಟು. ಸಣ್ಣ ಅಕ್ಷರ, ಮಸುಕಾದ ಕೈಬರಹ ಇದ್ದಾಗ ಮಾತ್ರ 600 ಬಳಸಿ.

ಅಗ್ಗದ ತೆಳು ಸ್ಕ್ಯಾನರ್‌ಗಳಲ್ಲಿ ಸಾಮಾನ್ಯವಾಗಿ ಸಿಐಎಸ್ ಸಂವೇದಕ ಇರುತ್ತದೆ. ಲೈಡ್‌ನಂಥವು ಯುಎಸ್‌ಬಿ ವಿದ್ಯುತ್ತಿನಲ್ಲೇ ನಡೆಯುತ್ತವೆ. ಆದರೆ ಕಾಗದ ಗಾಜಿಗೆ ಅಂಟಿರಬೇಕು. ದಪ್ಪ ಪುಸ್ತಕದ ನಡುವಿನ ಮಡಿಕೆ ಮಸುಕಾಗುತ್ತದೆ. ಪುಸ್ತಕಗಳೇ ಹೆಚ್ಚಿದ್ದರೆ ಸಿಸಿಡಿ ಸಂವೇದಕದ್ದು ಮೇಲು. ಬಿಡಿ ಹಾಳೆಗಳ ಕಟ್ಟುಗಳಿದ್ದರೆ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಫೀಡರ್ ಇರುವುದು ಸಮಯ ಉಳಿಸುತ್ತದೆ. ಆದರೆ ಪುಡಿಯಾಗುತ್ತಿರುವ ಹಳೆಯ ಕ್ರಯಪತ್ರವನ್ನು ಫೀಡರ್‌ಗೆ ಹಾಕಬೇಡಿ. ಅದು ಸಿಕ್ಕಿಹಾಕಿಕೊಂಡು ಹರಿದರೆ ಮೂಲವೇ ಹೋಯಿತು. ಅದಕ್ಕೆ ಸಮತಟ್ಟಾದ ಗಾಜಿನ ಸ್ಕ್ಯಾನರೇ ಸರಿ.

ಕನ್ನಡ ಅಕ್ಷರ ಓದುತ್ತದೆಯೇ?

ಅದು ಸ್ಕ್ಯಾನರ್ ಕೆಲಸವಲ್ಲ, ತಂತ್ರಾಂಶದ್ದು. ‘ಟೆಸರಾಕ್ಟ್’ ಎಂಬ ಮುಕ್ತ ತಂತ್ರಾಂಶಕ್ಕೆ ಕನ್ನಡದ ದತ್ತಾಂಶ ಉಚಿತವಾಗಿ ಸಿಗುತ್ತದೆ. ಸ್ವಚ್ಛ ಮುದ್ರಣವನ್ನು ಅದು ಮಟ್ಟಿಗೆ ಓದುತ್ತದೆ. ಒತ್ತಕ್ಷರಗಳಲ್ಲಿ ತಪ್ಪಬಹುದು, ತಿದ್ದಬೇಕು. ಕೈಬರಹಕ್ಕೆ ಅದನ್ನು ನಂಬಬೇಡಿ.

ಸ್ಕ್ಯಾನ್ ಮಾಡಿದ ಕಡತಗಳನ್ನು ಎರಡು ಕಡೆ ಇಟ್ಟುಕೊಳ್ಳಿ. ಮೂಲ ಕಾಗದವನ್ನು ಮಾತ್ರ ಎಂದೂ ಎಸೆಯಬೇಡಿ.