ಅಲ್ ಕುಸೈಸಿನ ಕಂಚಿನ ನಾಗಗಳು

ದುಬೈಯ ಅಲ್ ಕುಸೈಸಿನಲ್ಲಿ ಇಂದು ನಮ್ಮವರ ಮನೆಗಳಿವೆ, ಮಕ್ಕಳ ಶಾಲೆಗಳಿವೆ. ಅಲ್ಲಿಯ ದಿಬ್ಬವೊಂದನ್ನು 1970ರ ದಶಕದಲ್ಲಿ ಅಗೆದಾಗ ಕಂಚಿನ ಹಾವುಗಳು ಸಿಕ್ಕವು. ಅದಕ್ಕೆ ಸರ್ಪಗಳ ದಿಬ್ಬವೆಂದೇ ಹೆಸರಾಯಿತು. 2002ರಲ್ಲಿ ಪತ್ತೆಯಾದ, ಮರಳುಗಾಡಿನ ಸರೂಕ್ ಅಲ್ ಹದೀದಿನಲ್ಲೂ ಅಂಥವೇ ದೊರೆತವು. ಜೊತೆಗೆ ತಾಮ್ರ ಕರಗಿಸಿದ ಕಿಟ್ಟದ ರಾಶಿ. ಸುಮಾರು 3000 ವರ್ಷಗಳ ಹಿಂದಿನ ಮಾತಿದು. ತಾಮ್ರವೇನೋ ಹಜರ್ ಬೆಟ್ಟಗಳಲ್ಲಿತ್ತು. ಕಂಚಿಗೆ ಬೇಕಾದ ತವರ ಮಾತ್ರ ಹೊರನಾಡಿನಿಂದಲೇ ಬರಬೇಕು. ಎರಕದವನ ಕಸುಬು ಆಗಲೂ ವ್ಯಾಪಾರಿಗಳನ್ನೇ ನೆಚ್ಚಿತ್ತು.

ಇವು ಹರಕೆಯ ವಸ್ತುಗಳೆಂದು ವಿದ್ವಾಂಸರ ಊಹೆ. ಕುಕ್ಕೆಯಲ್ಲಿ ಬೆಳ್ಳಿಯ ನಾಗನನ್ನೊಪ್ಪಿಸುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. (ನಂಟೇನೂ ಸಾಬೀತಾಗಿಲ್ಲ, ಹೋಲಿಕೆಯಷ್ಟೆ.) ಊರಿನ ನಾಗಬನವನ್ನು ರಜೆಯಲ್ಲಿ ಮಾತ್ರ ಕಾಣುವ ಮಕ್ಕಳಿಗೆ ಈ ಕಥೆ ಹೇಳಿದೆವು. “ಇಲ್ಲಿಯೂ ಹಾಲೆರೆಯುತ್ತಿದ್ದರಾ?” ಎಂದು ಕೇಳಿದರು. ಉತ್ತರ ನಮ್ಮಲ್ಲಿರಲಿಲ್ಲ.